ಗಂಟು ಹಾಕದ ಜಾಣತನ

ಜತ್ತ ತಾಲೂಕಿನ ಪೂರ್ವ ಭಾಗದ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುವವನಿಗೆ ದಿನವೂ ಎರಡು ಲಿಪಿ ಬೇಕು. ಮಕ್ಕಳ ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ಪಂಚಾಯತ ಸಮಿತಿಗೆ ಹೋಗುವ ಮಾಹಿತಿ ಮರಾಠಿಯಲ್ಲಿ, ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಎರಡೂ ಕಲೆತದ್ದು. ಉಮದಿ, ಸಂಖ, ಮಾಡಗ್ಯಾಳ, ದರಿಬಡಚಿ, ಗುಡ್ಡಾಪುರದ ಕಡೆಯ ನಮಗೆ ಜಿಲ್ಲೆ ಸಾಂಗಲಿ. ಬಾಜಾರ, ಬೀಗತನ ಎಲ್ಲ ವಿಜಯಪುರದ ದಿಕ್ಕಿಗೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಆ್ಯಪ್ ಮಾಡುವವರು ನಮ್ಮಂಥವರನ್ನು ನೆನಪಿನಲ್ಲಿ ಇಟ್ಟುಕೊಂಡಿರುವುದು ಕಡಿಮೆ. ಹಾಗಿದ್ದೂ ಕೆಲವು ಸಾಫ್ಟ್‌ವೇರುಗಳು ನಮಗೆಂದೇ ಮಾಡಿದಷ್ಟು ಚೆನ್ನಾಗಿ ಒದಗುತ್ತವೆ. ಇನ್ನು ಕೆಲವು ಮೊದಲ ಪರದೆಯಲ್ಲೇ ನಮ್ಮನ್ನು ಹೊರಗೆ ನಿಲ್ಲಿಸುತ್ತವೆ. ಈ ಅಂತರ ಎಲ್ಲಿಂದ ಹುಟ್ಟುತ್ತದೆ ಎಂದು ಬಹಳ ದಿನಗಳಿಂದ ನೋಡುತ್ತ ಬಂದಿದ್ದೇನೆ. ಯಾವುದನ್ನು ಯಾವುದಕ್ಕೆ ಗಂಟು ಹಾಕಬಾರದು ಎಂದು ತಿಳಿದವನೇ ಜಾಣ ವಿನ್ಯಾಸಕಾರ ಎನ್ನುವುದು ನಾನು ಕಂಡುಕೊಂಡದ್ದು.

ಮೊದಲು ಕೀಬೋರ್ಡಿನ ಮಾತು. ಅದರ ಮೇಲೆ ನನಗೆ ಪ್ರೀತಿ ಹೆಚ್ಚು.

ಇನ್‌ಸ್ಕ್ರಿಪ್ಟ್ ಎಂಬ ಅಕ್ಷರ ಜೋಡಣೆಯನ್ನು ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಪ್ರಮಾಣಕವೆಂದು ಗೊತ್ತುಮಾಡಿತು. ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ನಡುಸಾಲಿನಲ್ಲಿ ಬಲಗೈ ಬೆರಳುಗಳ ಕೆಳಗೆ ಪ, ರ, ಕ, ತ, ಚ. ಎಡಗೈ ಬೆರಳುಗಳ ಕೆಳಗೆ ಓ, ಏ, ಇ, ಉ ಮಾತ್ರೆಗಳು, ಅವುಗಳ ನಡುವೆ ಹಲಂತ. ಶಿಫ್ಟ್ ಒತ್ತಿದರೆ ಕ ಹೋಗಿ ಖ, ತ ಹೋಗಿ ಥ, ಪ ಹೋಗಿ ಫ. ಅಂದರೆ ಅಲ್ಪಪ್ರಾಣ, ಮಹಾಪ್ರಾಣ ಒಂದೇ ಗುಂಡಿಯ ಕೆಳಗೆ ಮೇಲೆ. ಮಾತ್ರೆಯ ಗುಂಡಿಗೆ ಶಿಫ್ಟ್ ಕೊಟ್ಟರೆ ಪೂರ್ತಿ ಸ್ವರ ಬರುತ್ತದೆ. ಒಂದನೆಯ ತರಗತಿಯಲ್ಲಿ ನಾವು ಕಲಿಸುವ ವರ್ಣಮಾಲೆಯ ವ್ಯವಸ್ಥೆಯನ್ನೇ ಬೆರಳಿಗೆ ಇಳಿಸಿದ್ದಾರೆ. ಎಡಗೈ ಒಂದು ಒತ್ತು, ಬಲಗೈ ಒಂದು ಒತ್ತು ಎಂದು ಪಾಳಿಯ ಮೇಲೆ ಕೆಲಸ ಸಾಗುವುದರಿಂದ ಪುಟಗಟ್ಟಲೆ ಹೊಡೆದರೂ ಕೈ ದಣಿಯುವುದಿಲ್ಲ.

ಇಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ಕೀಬೋರ್ಡ್ ಎಂದು ಸುಮ್ಮನಾಗುತ್ತಿದ್ದೆ. ನಮಗೆ ಅದು ವರವಾದದ್ದು ಬೇರೆ ಕಾರಣಕ್ಕೆ. ಮರಾಠಿಗೂ ಅದೇ ಗುಂಡಿಗಳು. ‘ಭಕ್ತ’ ಎಂದು ಹೊಡೆಯಲು ಭ, ಕ, ಹಲಂತ, ತ ಎಂಬ ನಾಲ್ಕು ಒತ್ತು ಬೇಕು. ಭಾಷೆ ಕನ್ನಡಕ್ಕೆ ಇಟ್ಟರೆ ತಕಾರ ಇಳಿದು ಕಕಾರದ ಕೆಳಗೆ ಒತ್ತಾಗಿ ಕೂಡುತ್ತದೆ. ಮರಾಠಿಗೆ ಇಟ್ಟರೆ ಕಕಾರ ಅರ್ಧವಾಗಿ ತಕಾರದ ಪಕ್ಕಕ್ಕೆ ನಿಲ್ಲುತ್ತದೆ. ಕಣ್ಣಿಗೆ ಕಾಣುವುದು ಬೇರೆ ಬೇರೆ, ಬೆರಳು ಮಾಡಿದ ಕೆಲಸ ಒಂದೇ. ಉಚ್ಚಾರವನ್ನು ಆಕಾರಕ್ಕೆ ಗಂಟು ಹಾಕದೆ ಬಿಟ್ಟಿದ್ದಾರೆ. ಉಚ್ಚಾರ ಕೀಬೋರ್ಡಿನ ಪಾಲಿಗೆ, ಆಕಾರ ಫಾಂಟಿನ ಪಾಲಿಗೆ. ಹೀಗಾಗಿ ಕನ್ನಡ ಟೈಪಿಂಗ್ ಕಲಿತ ನಮ್ಮ ಹುಡುಗ ಜತ್ತಿಗೋ ಸಾಂಗಲಿಗೋ ಕೆಲಸಕ್ಕೆ ಹೋದರೆ ಮರಾಠಿ ಟೈಪಿಂಗನ್ನು ಹೊಸದಾಗಿ ಕಲಿಯಬೇಕಿಲ್ಲ.

ಇದರ ಬೇರು ಇನ್ನೂ ಆಳಕ್ಕಿದೆ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಆರ್. ಎಂ. ಕೆ. ಸಿನ್ಹಾ, ಮೋಹನ ತಾಂಬೆ ಮುಂತಾದವರು, ಆಮೇಲೆ ಪುಣೆಯ ಸಿ-ಡ್ಯಾಕ್ ಸಂಸ್ಥೆ, ಭಾರತದ ಲಿಪಿಗಳನ್ನು ಕಂಪ್ಯೂಟರಿಗೆ ತರುವಾಗ ಒಂದು ತೀರ್ಮಾನಕ್ಕೆ ಬಂದರು: ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ವರ್ಣಮಾಲೆಯ ಕ್ರಮ ಒಂದೇ, ಆದ್ದರಿಂದ ಸಂಕೇತದ ಕ್ರಮವೂ ಒಂದೇ ಇರಲಿ. ಅದೇ ಇಸ್ಕಿ. 1991ರಲ್ಲಿ ಅದು ಭಾರತೀಯ ಪ್ರಮಾಣಕವಾಯಿತು. ಯೂನಿಕೋಡ್ ಮಾಡಿದವರು ಇಸ್ಕಿಯ 1988ರ ರೂಪವನ್ನು ಆಧಾರವಾಗಿ ಇಟ್ಟುಕೊಂಡು ಒಂದೊಂದು ಲಿಪಿಗೆ ಒಂದೊಂದು ಓಣಿ ಕೊಟ್ಟರು. ಎಲ್ಲ ಓಣಿಯಲ್ಲೂ ಮನೆಗಳ ಸಾಲು ಒಂದೇ ತೆರ. ದೇವನಾಗರಿ ಕಕಾರದ ಸಂಖ್ಯೆ 2325, ಕನ್ನಡ ಕಕಾರದ್ದು 3221. ಮಕಾರ ಅಲ್ಲಿ 2350, ಇಲ್ಲಿ 3246. ಮರಾಠಿಯವರೂ ನಾವೂ ಇಬ್ಬರೂ ಬಿಡದೆ ಉಳಿಸಿಕೊಂಡ ಳಕಾರ ಅಲ್ಲಿ 2355, ಇಲ್ಲಿ 3251. ಯಾವುದನ್ನು ಕಳೆದು ನೋಡಿದರೂ ಉತ್ತರ 896. ಏಳನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕ ಮಾಡಲು ಕೊಟ್ಟಿದ್ದೆ. ನಾಲ್ಕನೆಯ ಅಕ್ಷರಕ್ಕೂ ಅದೇ ಉತ್ತರ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಂಗಾದ್ರ ಮರಾಠಿ ಪುಸ್ತಕಕ್ಕ 896 ಕೂಡಿಸಿದ್ರ ಕನ್ನಡ ಪುಸ್ತಕ ಆಗ್ತದೇನ್ರಿ ಗುರುಜಿ?” ಎಂದು ಕೇಳಿದಳು. ಅರ್ಥ ಆಗುವುದಿಲ್ಲ, ಅಕ್ಷರ ಆಗುತ್ತವೆ ಎಂದೆ. ಅಕ್ಷರ ಆಗುವುದೇನು ಕಡಿಮೆ ಮಾತಲ್ಲ.

ಹ್ರಸ್ವ ಎ, ಹ್ರಸ್ವ ಒ ನಮ್ಮಲ್ಲಿವೆ, ಮರಾಠಿಯಲ್ಲಿ ಇಲ್ಲ. ಈ ಎರಡಕ್ಕೂ ದೇವನಾಗರಿ ಓಣಿಯಲ್ಲಿ ಜಾಗ ಬಿಟ್ಟಿದ್ದಾರೆ: 2318 ಮತ್ತು 2322. ದಕ್ಷಿಣದ ಮಾತನ್ನು ನಾಗರಿಯಲ್ಲಿ ಬರೆಯಬೇಕಾದವರಿಗೆ ಬೇಕಾದೀತು ಎಂದು ಇಟ್ಟ ಅಕ್ಷರಗಳು ಅವು. ಯಾರು ಬಂದಾರು ಎಂದು ಮೊದಲೇ ಯೋಚಿಸಿ ಜಾಗ ಕಾಯ್ದಿಟ್ಟ ಈ ಕೆಲಸ ನೋಡಿದರೆ ನನಗೆ ಗೌರವ ಹುಟ್ಟುತ್ತದೆ. ಗಂಟು ತಪ್ಪಾಗಿ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಅದೇ ಪಟ್ಟಿಯಲ್ಲಿ ಉದಾಹರಣೆ ಇದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡಿನಲ್ಲಿ ‘ಕನ್ನಡ ಲೆಟರ್ ಫಾ’ ಎಂಬ ಹೆಸರು ಬಿದ್ದಿದೆ. ತಪ್ಪೆಂದು ಅವರೇ ಒಪ್ಪಿದ್ದಾರೆ, ಸರಿಯಾದ ಹೆಸರನ್ನು ಪಕ್ಕದಲ್ಲಿ ನಮೂದಿಸಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬ ನಿಯಮ ಇರುವುದರಿಂದ ಆ ಹೆಸರು ಹಾಗೇ ಉಳಿದಿದೆ.

ಕರ್ನಾಟಕದ ಗೆಳೆಯರು ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಹೊಡೆಯುತ್ತಾರೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಬಳಕೆಯಾಗುವುದು ಅದೇ. ಇಂಗ್ಲಿಷ್ ಗುಂಡಿಗಳ ಉಚ್ಚಾರಕ್ಕೆ ಹೊಂದಿಸಿದ್ದರಿಂದ ಒಂದು ಸಂಜೆಯಲ್ಲಿ ಕಲಿಯಬಹುದು, ಒತ್ತಕ್ಷರವೂ ಸಲೀಸು. 1998ರಲ್ಲಿ ಬಂದ ‘ಬರಹ’ ತಂತ್ರಾಂಶವೂ ಎಷ್ಟೋ ಮನೆಗಳಲ್ಲಿ ಕನ್ನಡ ಬರೆಸಿದೆ. ಆ ಕೆಲಸಗಳ ದೊಡ್ಡತನಕ್ಕೆ ಎರಡು ಮಾತಿಲ್ಲ. ಎರಡು ಲಿಪಿಯ ನಡುವೆ ಬದುಕುವ ನಮ್ಮ ಸೀಮೆಗೆ ಮಾತ್ರ ಇನ್‌ಸ್ಕ್ರಿಪ್ಟೇ ಸರಿ.

ಇನ್ನು ಹೊರಗೆ ನಿಲ್ಲಿಸುವ ಆ್ಯಪುಗಳ ಮಾತು. ಹವಾಮಾನ ಹೇಳುವ ಆ್ಯಪೊಂದನ್ನು ಇಳಿಸಿಕೊಂಡಿದ್ದೆ. ತೆರೆದೊಡನೆ ಅದು ಫೋನು ಎಲ್ಲಿದೆ ಎಂದು ನೋಡಿತು, ಮಹಾರಾಷ್ಟ್ರ ಎಂದು ಗೊತ್ತುಮಾಡಿಕೊಂಡಿತು, ಮರಾಠಿಯಲ್ಲಿ ಮಾತಾಡತೊಡಗಿತು. ಕನ್ನಡ ಅದರೊಳಗೆ ಇತ್ತು, ಆದರೆ ಕರ್ನಾಟಕದ ಜಿಲ್ಲೆ ಆರಿಸಿದವರಿಗೆ ಮಾತ್ರ. ನನಗೆ ಕನ್ನಡ ಬೇಕಾದರೆ ವಿಜಯಪುರದ ಮಳೆ ನೋಡಬೇಕು, ನನ್ನೂರಿನ ಮಳೆ ಬೇಕಾದರೆ ಮರಾಠಿ ಓದಬೇಕು. ನನಗೆ ಮರಾಠಿ ಬರುತ್ತದೆ. ಮನೆಯಲ್ಲಿ ಅವ್ವನಿಗೆ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಬ್ಯಾಂಕಿಗೆ ಫೋನು ಮಾಡಿದರೂ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳುವ ಭಾಷೆಗಳಲ್ಲಿ ಕನ್ನಡ ಇರುವುದಿಲ್ಲ. ಇಲ್ಲೆಲ್ಲ ಆಗಿರುವುದು ಒಂದೇ: ಊರನ್ನು ಭಾಷೆಗೆ ಕಟ್ಟಿಬಿಟ್ಟಿದ್ದಾರೆ. ಕಾಸರಗೋಡಿನಲ್ಲಿ, ಅಕ್ಕಲಕೋಟೆಯಲ್ಲಿ, ಆದೋನಿಯಲ್ಲಿ ಇರುವವರದ್ದೂ ಇದೇ ಪಾಡು. ಬೆಳಗಾವಿಯಲ್ಲಿರುವ ಮರಾಠಿ ಮನೆಯವರಿಗೂ ಇದೇ ಆಗುತ್ತಿರಬಹುದು. ಅವರ ತೊಂದರೆ ನನಗೆ ಬೇಗ ಅರ್ಥವಾಗುತ್ತದೆ.

ಇದಕ್ಕೆ ಎದುರಾಗಿ ಫೋನಿನ ಸೆಟ್ಟಿಂಗ್ಸಿನಲ್ಲಿರುವ ಭಾಷೆಗಳ ಪಟ್ಟಿಯನ್ನು ಒಮ್ಮೆ ನೋಡಿ. ಅಲ್ಲಿ ಕನ್ನಡ ಎಂದು ಕನ್ನಡದಲ್ಲೇ ಬರೆದಿರುತ್ತದೆ, ಮರಾಠಿ ಎಂದು ನಾಗರಿಯಲ್ಲಿ, ತೆಲುಗು ಎಂದು ತೆಲುಗಿನಲ್ಲಿ. ಯಾರೋ ಮಗು ಆಡುತ್ತ ಆಡುತ್ತ ಫೋನನ್ನು ಗೊತ್ತಿಲ್ಲದ ಲಿಪಿಗೆ ಹಾಕಿಬಿಟ್ಟರೂ, ಕಷ್ಟಪಟ್ಟು ಆ ಪಟ್ಟಿಯವರೆಗೆ ಬಂದರೆ ಸಾಕು, ನಮ್ಮ ಅಕ್ಷರ ನಮ್ಮ ಕಣ್ಣಿಗೆ ಬೀಳುತ್ತದೆ. ಎಲ್ಲ ಭಾಷೆಗಳ ಹೆಸರನ್ನೂ ಆಗ ಚಾಲ್ತಿಯಲ್ಲಿರುವ ಭಾಷೆಯಲ್ಲೇ ಬರೆದಿದ್ದರೆ ದಾರಿ ತಪ್ಪಿದವನು ಹಿಂದಿರುಗುತ್ತಲೇ ಇರಲಿಲ್ಲ. 2022ರಲ್ಲಿ ಆಂಡ್ರಾಯ್ಡ್ 13 ಬಂದಾಗ ಇನ್ನೊಂದು ಗಂಟು ಬಿಚ್ಚಿತು: ಫೋನಿಗೆ ಒಂದು ಭಾಷೆ, ಒಂದೊಂದು ಆ್ಯಪಿಗೆ ಬೇಕಾದ ಬೇರೆ ಭಾಷೆ. ಆ್ಯಪ್ ಮಾಡಿದವರು ಅದಕ್ಕೆ ಅವಕಾಶ ಕೊಟ್ಟಿರಬೇಕು ಅಷ್ಟೇ. ಕಚೇರಿಯ ಕೆಲಸ ಮರಾಠಿಯಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ ಎಂಬ ನಮ್ಮ ನಿತ್ಯದ ಏರ್ಪಾಡು ಫೋನಿನೊಳಗೂ ಬಂತು.

ಅವ್ವನ ಮಟ್ಟಿಗೆ ಹೇಳುವುದಾದರೆ ಎಲ್ಲಕ್ಕಿಂತ ಜಾಣ ಗುಂಡಿ ವಾಟ್ಸಾಪಿನ ಮೈಕ್. 2013ರಲ್ಲಿ ಬಂದದ್ದು. ಒತ್ತಿ ಹಿಡಿ, ಮಾತಾಡು, ಬಿಡು. ಅದು ಯಾವ ಭಾಷೆ ಎಂದು ಕೇಳುವುದಿಲ್ಲ. ಪುಣೆಯಲ್ಲಿರುವ ಮೊಮ್ಮಗಳಿಗೆ ಅವ್ವ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಮಾಡಗ್ಯಾಳ ತಳಿಯ ಕುರಿ ಮರಿ ಹಾಕಿದ ಸುದ್ದಿ ಹೇಳಿ ಕಳಿಸುತ್ತಾಳೆ. ಅತ್ತಲಿಂದ ಅಷ್ಟೇ ಬೆರಕೆ ಮಾತಿನಲ್ಲಿ ಉತ್ತರ ಬರುತ್ತದೆ.

ಹೊಲದ ಕಡೆ ಹೋದರೆ ಅಕ್ಷರವೇ ಇಲ್ಲದ ಒಂದು ವಿನ್ಯಾಸ ಸಿಗುತ್ತದೆ. ನಾನು ಕಂಡ ಎಲ್ಲದರಲ್ಲೂ ಅದಕ್ಕೆ ಮೇಲಿನ ಸ್ಥಾನ ಕೊಡುತ್ತೇನೆ. ನಮ್ಮದು ಬರದ ತಾಲೂಕು. ದಾಳಿಂಬೆ, ದ್ರಾಕ್ಷಿ ಹಾಕಿದವರಿಗೆ ಬೋರಿನ ನೀರೇ ಜೀವ. ಹೊಲದ ಲೈನಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲೂ ಬರುತ್ತದೆ. ಕರೆಂಟು ಬಂತೋ ಇಲ್ಲವೋ ಎಂದು ನೋಡಲು ನಡುರಾತ್ರಿ ಬ್ಯಾಟರಿ ಹಿಡಿದು, ಹಾವು ಚೇಳಿಗೆ ಅಂಜುತ್ತ ಹೊಲಕ್ಕೆ ಹೋಗುವುದು, ಬಂದಿಲ್ಲವೆಂದರೆ ತಿರುಗಿ ಬರುವುದು, ಬಂದರೆ ಸ್ಟಾರ್ಟರ್ ಒತ್ತಿ ಕಾಯುವುದು. ಪುಣೆಯ ಎಂಜಿನಿಯರ್ ಸಂತೋಷ ಓಸ್ತವಾಲ ತಮ್ಮ ಅಜ್ಜ ಹೀಗೆ ಪಂಪಿನ ದಾರಿ ತುಳಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದರು. ಅವರು ಮಾಡಿದ ‘ನ್ಯಾನೊ ಗಣೇಶ’ ಎಂಬ ಸಾಧನಕ್ಕೆ 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಪ್ರಶಸ್ತಿ ಬಂತು. ಸ್ಟಾರ್ಟರಿಗೆ ಹೊಂದಿಸಿದ ಪೆಟ್ಟಿಗೆಯಲ್ಲಿ ಒಂದು ಸಿಮ್. ಮನೆಯಿಂದ ಆ ನಂಬರಿಗೆ ಫೋನು ಮಾಡಬೇಕು. ಕೇಳಿಸುವ ಸದ್ದಿನ ಮೇಲೆಯೇ ಕರೆಂಟು ಇದೆಯೋ ಇಲ್ಲವೋ, ಮೋಟಾರು ನಡೆದಿದೆಯೋ ನಿಂತಿದೆಯೋ ತಿಳಿಯುತ್ತದೆ. ಒಂದು ನಂಬರು ಒತ್ತಿದರೆ ಚಾಲೂ, ಇನ್ನೊಂದು ಒತ್ತಿದರೆ ಬಂದ್.

ಈಗ ಇಂಥ ಸ್ಟಾರ್ಟರುಗಳನ್ನು ಹಲವು ಕಂಪನಿಗಳು ಮಾಡುತ್ತವೆ. ನಮ್ಮ ಓಣಿಯ ಕಾಕಾ ಒಬ್ಬರು ಒಂದನ್ನು ಹಾಕಿಸಿದ್ದಾರೆ. ಅವರ ಕೈಯಲ್ಲಿರುವುದು ಹಳೆಯ ಗುಂಡಿ ಫೋನು. ಕಟ್ಟೆಯ ಮೇಲೆ ಕೂತವರು ನನ್ನ ಕಿವಿಗೆ ಫೋನು ಹಿಡಿದು, “ಕೇಳ್ರಿ ಗುರುಜಿ, ಈ ಸದ್ದ ಬಂತಂದ್ರ ಕರೆಂಟ ಅದ. ಬರ್ಲಿಲ್ಲಂದ್ರ ಮಕ್ಕೊಂಡಬಿಡೂದು” ಎಂದರು. ಇಲ್ಲಿ ಪರದೆ ಇಲ್ಲ, ಚಿತ್ರವಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಪಂಪಿನ ಗುಂಡಿ ಪಂಪಿನ ಹತ್ತಿರವೇ ಇರಬೇಕು ಎಂಬ ಗಂಟನ್ನು ಬಿಚ್ಚಿದ್ದಾರೆ. ಅದನ್ನು ಬಿಚ್ಚುವುದಕ್ಕೆ ರೈತನ ಕೈಯಲ್ಲಿ ಮೊದಲೇ ಇದ್ದ ವಸ್ತುವನ್ನೇ, ಅವನಿಗೆ ಮೊದಲೇ ಬರುತ್ತಿದ್ದ ಕೆಲಸವನ್ನೇ ಬಳಸಿಕೊಂಡಿದ್ದಾರೆ. ರಾತ್ರಿ ಒಬ್ಬರ ನಿದ್ದೆ ಉಳಿಸಿದ ಯಂತ್ರವನ್ನು ನಾನು ಸಣ್ಣದೆಂದು ಎಣಿಸಲಾರೆ.

ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಜಾತ್ರೆ. ವಿಜಯಪುರದ ಕಡೆಯಿಂದ ಜನ ನಡೆದು ಬರುತ್ತಾರೆ. ಕಾಯಿ-ಕರ್ಪೂರದ ಅಂಗಡಿಗಳ ಮುಂದೆ ಈಗ ಸ್ಕ್ಯಾನ್ ಮಾಡುವ ಹಾಳೆ ತೂಗುತ್ತದೆ. ಒಂದು ಅಂಗಡಿಯ ಹಾಳೆಯ ಮೂಲೆಗೆ ಕುಂಕುಮ ಮೆತ್ತಿತ್ತು, ಮೇಲೆ ಕಾಯಿ ನೀರು ಸಿಡಿದು ಒಣಗಿ ಕಲೆಯಾಗಿತ್ತು. ಆದರೂ ಫೋನು ಹಿಡಿದೊಡನೆ ಹಣ ಹೋಯಿತು, ಹಣ ಬಂತೆಂದು ಅಂಗಡಿಯಲ್ಲಿಟ್ಟ ಸ್ಪೀಕರ್ ಡಬ್ಬಿ ಮರಾಠಿಯಲ್ಲಿ ಕೂಗಿ ಹೇಳಿತು. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತವರ ಸಂಗಡಿಗರು ಕ್ಯೂಆರ್ ಕೋಡ್ ಎಂಬ ಈ ಚೌಕವನ್ನು ಮಾಡಿದ್ದು ಕಾರ್ಖಾನೆಗಾಗಿ, ಎಣ್ಣೆ ಮಸಿ ಹತ್ತುವ ಬಿಡಿಭಾಗಗಳ ಮೇಲೆ ಅಂಟಿಸಲು. ಆದ್ದರಿಂದ ಹೇಳುವ ಮಾತಿನ ಜೊತೆಗೆ, ಅಳಿಸಿಹೋದರೆ ಮತ್ತೆ ಲೆಕ್ಕ ಹಾಕಿ ಕಂಡುಹಿಡಿಯುವಷ್ಟು ಹೆಚ್ಚಿನ ಮಾಹಿತಿಯನ್ನೂ ಒಳಗೆ ಇಟ್ಟರು. ಗರಿಷ್ಠ ಮಟ್ಟದಲ್ಲಿ ಶೇ. 30ರಷ್ಟು ಹಾಳಾದರೂ ಓದಬಹುದು. ಮೂರು ಮೂಲೆಗೆ ಇರುವ ಚೌಕಗಳನ್ನು ಯಾವ ದಿಕ್ಕಿನಿಂದ ಅಡ್ಡ ಸೀಳಿ ನೋಡಿದರೂ ಕಪ್ಪು-ಬಿಳಿಯ ಪ್ರಮಾಣ 1:1:3:1:1. ಅಚ್ಚಾದ ಕಾಗದಗಳಲ್ಲಿ ತೀರ ಅಪರೂಪಕ್ಕೆ ಬರುವ ಪ್ರಮಾಣ ಯಾವುದೆಂದು ಹುಡುಕಿ ಅದನ್ನು ಆರಿಸಿದರಂತೆ. ಹಾಳೆಯನ್ನು ತಲೆಕೆಳಗೆ ತೂಗುಹಾಕಿದರೂ ಕ್ಯಾಮೆರಾ ಗೊಂದಲಕ್ಕೆ ಬೀಳುವುದಿಲ್ಲ. ಪೇಟೆಂಟ್ ತಮ್ಮದಿದ್ದರೂ ಬಳಸುವವರಿಂದ ಹಣ ಕೇಳದೆ ಬಿಟ್ಟರು. ಕಾಯಿ ಮಾರುವವಳ ಅಂಗಡಿಯವರೆಗೆ ಅದು ಬಂದದ್ದು ಆ ದೊಡ್ಡ ಮನಸ್ಸಿನಿಂದ.

ಅಂಗಡಿಯವಳ ಖಾತೆ ಯಾವ ಬ್ಯಾಂಕಿನಲ್ಲೋ, ಯಾತ್ರಿಕನ ಆ್ಯಪ್ ಯಾವುದೋ. ಎರಡೂ ಹೊಂದಬೇಕೆಂದಿಲ್ಲ. ಒಂದೇ ಕಂಪನಿಯ ಆ್ಯಪಿಗೆ ಮಾತ್ರ ಓದಲು ಬರುವ ಹೊಸ ಸಂಕೇತಗಳನ್ನು ತರಬಾರದು ಎಂದು ರಿಸರ್ವ್ ಬ್ಯಾಂಕ್ 2020ರಲ್ಲಿ ಸೂಚನೆ ಕೊಟ್ಟಿತು. ಬಾಲಭಾರತಿಯ ನಮ್ಮ ಪಠ್ಯಪುಸ್ತಕಗಳಲ್ಲೂ ಇಂಥ ಚೌಕಗಳಿವೆ. ದೀಕ್ಷಾ ಆ್ಯಪಿನಿಂದ ತೆರೆದರೆ ಪಾಠಕ್ಕೆ ಸಂಬಂಧಿಸಿದ ಹೆಚ್ಚಿನ ಸಾಮಗ್ರಿ ಸಿಗುತ್ತದೆ. ಪಕ್ಕದ ಸೋಲಾಪುರ ಜಿಲ್ಲೆಯ ಮಾಢಾ ತಾಲೂಕಿನ ಜಿಲ್ಲಾ ಪರಿಷದ್ ಶಿಕ್ಷಕ ರಣಜಿತಸಿಂಹ ಡಿಸಲೆ ಪುಸ್ತಕಗಳಲ್ಲಿ ಈ ಚೌಕ ಅಂಟಿಸುವ ಪ್ರಯೋಗ ಮಾಡಿದವರು. 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು, ಪ್ರಶಸ್ತಿ ಹಣದ ಅರ್ಧವನ್ನು ಕೊನೆಯ ಸುತ್ತಿಗೆ ಬಂದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಸರಕಾರಿ ಶಾಲೆಯ ಮಾಸ್ತರನಿಗೆ ಹಳ್ಳಿಯಲ್ಲಿ ಹೊಳೆದದ್ದು ಇಷ್ಟು ದೂರ ಹೋಗಬಲ್ಲದು ಎನ್ನುವುದು ನನಗೆ ದೊಡ್ಡ ಧೈರ್ಯ.

ಮಹಾರಾಷ್ಟ್ರ ಸರಕಾರ 2021ರ ಆಗಸ್ಟ್ 15ರಿಂದ ಇ-ಪೀಕ ಪಾಹಣಿ ಎಂಬ ಆ್ಯಪ್ ತಂದಿದೆ. ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ದಾಖಲು ಮಾಡುವುದು. ನಿಂತ ಜಾಗದ ಅಕ್ಷಾಂಶ ರೇಖಾಂಶ ತಾನಾಗಿ ಸೇರುತ್ತದೆ. ಗಡಿಯಾಚೆ ಕರ್ನಾಟಕದಲ್ಲಿ ಬೆಳೆ ಸಮೀಕ್ಷೆ ಎಂಬ ಆ್ಯಪ್ ಇದೆ. ಎರಡೂ ಕಡೆ ಹೊಲ ಇರುವವರು ನಮ್ಮಲ್ಲಿದ್ದಾರೆ, ಅವರ ಫೋನಿನಲ್ಲಿ ಎರಡೂ ಇರುತ್ತವೆ. ಇಲ್ಲಿನದರಲ್ಲಿ ನನಗೆ ಮೆಚ್ಚುಗೆಯಾದದ್ದು, ಒಂದೇ ಫೋನಿನಿಂದ ಹಲವು ಖಾತೆದಾರರ ಹೆಸರು ನೋಂದಾಯಿಸಲು ಬರುತ್ತದೆ. ಒಂದು ಫೋನು ಅಂದರೆ ಒಬ್ಬ ಮನುಷ್ಯ ಎಂದು ಪಟ್ಟಣದ ಆ್ಯಪುಗಳು ತಿಳಿದಿರುತ್ತವೆ. ಹಳ್ಳಿಯಲ್ಲಿ ಒಳ್ಳೆಯ ಫೋನು ಮಗನ ಕೈಯಲ್ಲಿ ಇರುತ್ತದೆ, ಹೊಲ ಅಪ್ಪನ ಹೆಸರಿಗೋ ದೊಡ್ಡಮ್ಮನ ಹೆಸರಿಗೋ ಇರುತ್ತದೆ. ಕಾಲೇಜಿಗೆ ಹೋಗುವ ಒಬ್ಬ ಹುಡುಗ ಬದುವಿನ ಮೇಲೆ ನಡೆಯುತ್ತ ಇಡೀ ಓಣಿಯವರ ಜೋಳ, ತೊಗರಿ ದಾಖಲು ಮಾಡಿ ಬರುತ್ತಾನೆ. ಇದನ್ನು ರೂಪಿಸಿದವರು ಹಳ್ಳಿಯ ಮನೆಯೊಳಗೆ ಬಂದು ನೋಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಹೊಲದ ದಾಖಲೆಯಾದ ಉತಾರಾದ ಮಾತು ಕೊನೆಗೆ ಇಟ್ಟುಕೊಂಡಿದ್ದೇನೆ. ನಮ್ಮ ಸಾತಬಾರಾ ಉತಾರಾ ಮರಾಠಿಯಲ್ಲಿ ಇರುತ್ತದೆ. ತನ್ನ ಹೊಲದ ಕಾಗದದಲ್ಲಿ ತನ್ನ ಹೆಸರನ್ನೇ ಓದಲಾರದೆ ಮಗನನ್ನು ಕರೆಯುವ ಮುದುಕರು ಈ ಭಾಗದಲ್ಲಿ ಊರಿಗೆ ನಾಲ್ಕು ಜನ ಸಿಗುತ್ತಾರೆ. ಈಗ ಮಹಾಭೂಲೇಖ ಜಾಲತಾಣದಲ್ಲಿ ಉತಾರಾ ನೋಡುವಾಗ ಭಾಷೆ ಆರಿಸಿಕೊಳ್ಳಲು ಬರುತ್ತದೆ, ಅದರಲ್ಲಿ ಕನ್ನಡವೂ ಇದೆ. ಹೊಲ ಯಾವ ರಾಜ್ಯದಲ್ಲಿದೆ ಎನ್ನುವುದನ್ನು ಓದುವವನ ಲಿಪಿಗೆ ಕಟ್ಟಲಿಲ್ಲ. ಇದು ಆಗಲೇಬೇಕಾದ ಕೆಲಸವಾಗಿತ್ತು, ಆಗಿದೆ.

ಒಂದು ಕೆಲಸ ಬಾಕಿ ಇದೆ. ಮಲ್ಲಪ್ಪ, ಸಿದ್ದಪ್ಪ ಎಂಬ ಹೆಸರುಗಳು ನಾಗರಿಯಿಂದ ಕನ್ನಡಕ್ಕೆ ಕೂದಲೆಳೆ ಕೆಡದೆ ಬರಬಲ್ಲವು. ಕೊಟ್ಟಲಗಿ, ತೆಲಸಂಗ ಎಂಬ ಅಡ್ಡಹೆಸರುಗಳು ಹಾಗಲ್ಲ. ಗ್ರಾಮ ಲೆಕ್ಕಿಗನಾದ ತಲಾಠಿ ನಾಗರಿಯಲ್ಲಿ ಬರೆದಾಗ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಒಂದೇ ಆಗಿರುತ್ತದೆ, ಅಲ್ಲಿಂದ ಕನ್ನಡಕ್ಕೆ ತರುವ ಯಂತ್ರಕ್ಕೆ ಮೂಲ ಯಾವುದೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಅದನ್ನು ಹೇಳಬಲ್ಲವನು ಖಾತೆದಾರ ಒಬ್ಬನೇ. ಆದ್ದರಿಂದ ಹೆಸರಿನ ಪಕ್ಕ ತಿದ್ದುಪಡಿ ಸೂಚಿಸುವ ಒಂದು ಗುಂಡಿ ಇರಲಿ. ಅವನು ಕನ್ನಡದಲ್ಲಿ ತನ್ನ ಹೆಸರು ಬರೆಯಲಿ, ತಲಾಠಿ ಒಮ್ಮೆ ನೋಡಿ ಒಪ್ಪಲಿ, ಮುಂದೆ ಪ್ರತಿ ಉತಾರಾದಲ್ಲೂ ಅದೇ ಬರಲಿ. ಬೇಕಾದ ಅಕ್ಷರಗಳು ಎರಡೂ ಲಿಪಿಯಲ್ಲಿ ಮೊದಲಿನಿಂದ ಇವೆ. ಜತ್ತದ ತಹಸೀಲ ಕಚೇರಿಗೆ ಹೀಗೆಂದು ಅರ್ಜಿ ಬರೆಯುತ್ತಿದ್ದೇನೆ. ಅರ್ಜಿ ಮರಾಠಿಯಲ್ಲಿದೆ, ಜೊತೆಗೆ ನಮ್ಮೂರ ಖಾತೆದಾರರ ಹೆಸರುಗಳ ಪಟ್ಟಿ ಎರಡೂ ಲಿಪಿಯಲ್ಲಿ. ಪಟ್ಟಿಯನ್ನು ಎಂಟನೆಯ ತರಗತಿಯ ಮಕ್ಕಳು ಮನೆ ಮನೆಗೆ ಹೋಗಿ, ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಂಡು ಬರುತ್ತಿದ್ದಾರೆ.